ಉತ್ತತ್ತಿ ಚೀಲ ಮತ್ತು ಅಬ್ದಾಲಿ ಕ್ಷಿಪಣಿ: ಬೀದರ್ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ,

ನಮಸ್ಕಾರ. ನಾನು ಬೀದರ್‌ನ ಗಂಜ್ ಹತ್ತಿರ ಕಿರಾಣಿ ಅಂಗಡಿ ಇಟ್ಟುಕೊಂಡವನು. ರಸ್ತೆ, ನೀರಿನ ಅರ್ಜಿಗಳು ನಿಮಗೆ ದಿನಾ ಬರುತ್ತಿರುತ್ತವೆ. ಇದು ಅದಲ್ಲ. ಪಾಕಿಸ್ತಾನ ಕ್ಷಿಪಣಿ ತೋರಿಸಿ ಹೆದರಿಸಿದಾಗ ನಾವು ಏನು ಮಾಡಬೇಕು ಅನ್ನುವ ವಿಷಯ. ಕಿರಾಣಿಯವನಿಗೆ ಇದೆಲ್ಲ ಯಾಕೆ ಅನ್ನಬೇಡಿ. ಈ ಜಗಳ ನನ್ನ ಗಲ್ಲಾದ ಮುಂದೆಯೇ ನಡೆದಿದೆ.

ಮದುವೆ ಸೀಸನ್ನು. ಒಬ್ಬ ತಾಯಿ ಉಡಿ ತುಂಬಲು ಉತ್ತತ್ತಿ ಕೇಳಿದರು. ಹೊಸ ಚೀಲ ತೆಗೆದೆ. ಬಾಯಿಗೆ ಎರಡು ಸಲ ಹೊಲಿಗೆ ಬಿದ್ದಿತ್ತು. ಹಳೆ ತೂತುಗಳ ಪಕ್ಕದಲ್ಲೇ ಹೊಸ ದಾರ. ಮೇಲೆ ದುಬೈ ಚೀಟಿ, ಅದರ ಅಡಿಯಲ್ಲಿ ಇನ್ಯಾವುದೋ ಚೀಟಿ ಕಿತ್ತ ಅಂಟು. ಚಹಾ ಕುಡಿಯುತ್ತ ನಿಂತಿದ್ದ ಹುಡುಗ, "ಕಾಕಾ, ಇದು ಪಾಕಿಸ್ತಾನದ್ದೇ ಅಲ್ವಾ?" ಅಂದ. ಏನು ಹೇಳಲಿ? ಹೋಲ್‌ಸೇಲ್‌ನವರ ಬಿಲ್ಲಿನಲ್ಲಿ ದುಬೈ ಅಂತಿದೆ. ಅಷ್ಟಕ್ಕೇ ಮಾತು ಬೆಳೆಯಿತು. "ವ್ಯಾಪಾರ ಬಂದ್ ಆದರೆ ತಾನೇ ಮೆತ್ತಗಾಗ್ತಾರೆ" ಅಂದ ಒಬ್ಬ. "ಎರಡು ಕ್ಷಿಪಣಿ ಬಿಟ್ಟರೆ ಮುಗೀತು" ಅಂದ ಇನ್ನೊಬ್ಬ. ಆ ತಾಯಿ ಕಾಲು ಕಿಲೋ ತೂಗಿಸಿಕೊಂಡು ಸುಮ್ನೆ ಹೋದರು.

ಬಲ ಬೇಡ ಅಂತ ನಾನು ಹೇಳುವುದಿಲ್ಲ. ಬೀದರ್‌ನವರಿಗೆ ವಿಮಾನದ ಸದ್ದು ಹೊಸದಲ್ಲ. ವಾಯುಪಡೆಯ ಸೂರ್ಯಕಿರಣ ಕಸರತ್ತು ತಂಡದವರು ಅಭ್ಯಾಸ ಮಾಡುವಾಗ ನನ್ನ ಡಬ್ಬಿಗಳ ಮುಚ್ಚಳ ಅದುರುತ್ತವೆ. ಪಾಕಿಸ್ತಾನದ ಶಾಹೀನ್-3 ಕ್ಷಿಪಣಿ 2,750 ಕಿಲೋಮೀಟರ್ ಹೋಗುತ್ತದಂತೆ. ವಾಯುಪಡೆ ನೆಲೆ ಇರುವ ನಮ್ಮ ಊರು ಅದರ ಒಳಗೇ ಬಂತು. ಹಾಗಾಗಿ "ಎರಡು ಬಿಟ್ಟರೆ ಮುಗೀತು" ಅನ್ನುವ ಮಾತು ನನಗೆ ರುಚಿಸುವುದಿಲ್ಲ. 2025ರ ಮೇ 7ರಂದು ನಮ್ಮವರು ಉಗ್ರರ ಒಂಬತ್ತು ನೆಲೆಗಳಿಗೆ ಹೊಡೆದರು, 10ಕ್ಕೆ ನಿಲ್ಲಿಸಿದರು. ಎಲ್ಲಿ ನಿಲ್ಲಿಸಬೇಕು ಅನ್ನುವುದು ಗೊತ್ತಿತ್ತಲ್ಲ, ಅದೇ ದೊಡ್ಡದು.

ವ್ಯಾಪಾರದ ಮಾತಿಗೆ ಬರೋಣ, ಇದು ನನಗೆ ಗೊತ್ತಿರುವ ಲೋಕ. ಪುಲ್ವಾಮಾ ದಾಳಿ ಆದಮೇಲೆ, 2019ರ ಫೆಬ್ರವರಿಯಲ್ಲೇ ಪಾಕಿಸ್ತಾನದ ಮಾಲಿಗೆ 200 ಪ್ರತಿಶತ ಸುಂಕ ಬಿತ್ತು. ಉತ್ತತ್ತಿ, ಸೈಂಧವ ಲವಣ, ಸಿಮೆಂಟ್ ಎಲ್ಲ ಅಲ್ಲಿಗೇ ಕಡಿಮೆಯಾದವು. ಪಹಲ್ಗಾಮ್ ದಾಳಿ ಆದಮೇಲೆ, 2025ರ ಮೇ 2ರಂದು ಪೂರ್ತಿ ನಿಷೇಧ ಬಂತು. ಮರುದಿನವೇ ಅವರು ಅಬ್ದಾಲಿ ಕ್ಷಿಪಣಿ ಹಾರಿಸಿ ತೋರಿಸಿದರು. ಎರಡು ದಿನ ಬಿಟ್ಟು ಫತಾಹ್ ಅನ್ನುವ ಇನ್ನೊಂದು. ಅಂಗಡಿಗೆ ಬರುವುದನ್ನೇ ಬಿಟ್ಟ ಗಿರಾಕಿಗೆ "ಇನ್ನು ಮೇಲೆ ಉದ್ರಿ ಇಲ್ಲ" ಅಂದರೆ ಅವನಿಗೇನು ಬಿಸಿ ತಟ್ಟುತ್ತದೆ?

ನಿಷೇಧ ತಪ್ಪು ಅಂತಲ್ಲ. ಹಾಕಿದ ಮೇಲೆ ಗಟ್ಟಿಯಾಗಿರಬೇಕು. ಅದೇ ಜೂನ್‌ನಲ್ಲಿ ನವಿ ಮುಂಬೈ ಬಂದರಿನಲ್ಲಿ ಕಂದಾಯ ಗುಪ್ತಚರದವರು 39 ಕಂಟೇನರ್ ಹಿಡಿದರು. ಪಾಕಿಸ್ತಾನದ 1,115 ಟನ್ ಮಾಲು, ಸುಮಾರು 9 ಕೋಟಿ ರೂಪಾಯಿಯದ್ದು, ದುಬೈ ದಾರಿಯಿಂದ ಬಂದದ್ದು. ಹಿಡಿದದ್ದು ಇಷ್ಟಾದರೆ ತಪ್ಪಿಸಿಕೊಂಡದ್ದು? ನನ್ನ ಚೀಲದ ಎರಡನೇ ಹೊಲಿಗೆ ನೆನಪಾಗುತ್ತದೆ.

ಆದರೆ ಕ್ಷಿಪಣಿ ಉತ್ತತ್ತಿ ಮಾರಿದ ದುಡ್ಡಿನಿಂದ ಏಳುವುದಿಲ್ಲ. ದೊಡ್ಡ ದುಡ್ಡು ಬೇರೆ ಕಡೆಯಿಂದ ಬರುತ್ತದೆ. ಮೇ 9ರಂದು, ಗಡಿಯಲ್ಲಿ ಗುಂಡು ಹಾರುತ್ತಿದ್ದಾಗಲೇ, ದೇಶಗಳಿಗೆ ಸಾಲ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಐಎಂಎಫ್ ಪಾಕಿಸ್ತಾನಕ್ಕೆ 100 ಕೋಟಿ ಡಾಲರ್ ಬಿಡುಗಡೆಗೆ ಒಪ್ಪಿತು. ಭಾರತ ಮತ ಹಾಕದೆ ದೂರ ಉಳಿಯಿತು. ಇನ್ನೊಂದು ಕಡೆ ನೋಡಿ: ಉಗ್ರರಿಗೆ ಹಣ ಹೋಗುವುದರ ಮೇಲೆ ಕಣ್ಣಿಡುವ ಎಫ್‌ಎಟಿಎಫ್ ಪಾಕಿಸ್ತಾನವನ್ನು 2018ರಿಂದ 2022ರವರೆಗೆ ಬೂದು ಪಟ್ಟಿಯಲ್ಲಿ, ಅಂದರೆ ನಿಗಾ ಇಡಬೇಕಾದ ದೇಶಗಳ ಪಟ್ಟಿಯಲ್ಲಿ ಇಟ್ಟಿತ್ತು. ಆ ಕಾಲದಲ್ಲೇ, 2020ರಲ್ಲಿ, ಲಷ್ಕರ್-ಎ-ತೊಯ್ಬಾ ಸ್ಥಾಪಕ ಹಫೀಜ್ ಸಯೀದ್‌ಗೆ ಅವರದೇ ಕೋರ್ಟು ಜೈಲು ಶಿಕ್ಷೆ ಕೊಟ್ಟಿತು. ಗಡಿಯ ಅಟ್ಟಾರಿ ಗೇಟು ಮುಚ್ಚಿ ವ್ಯಾಪಾರ ನಿಲ್ಲಿಸಿದ್ದಕ್ಕಿಂತ ಆ ಪಟ್ಟಿಯೇ ಜಾಸ್ತಿ ಚುರುಕು ಮುಟ್ಟಿಸಿತು ಅಂತ ನನ್ನ ಲೆಕ್ಕ.

ಹಾಗಂತ ಪೂರ್ತಿ ನಂಬಿಕೆಯೂ ಇಲ್ಲ. 1998ರಲ್ಲಿ ಪೋಖ್ರಾನ್ ಅಣು ಪರೀಕ್ಷೆ ಆದಾಗ ಅಮೆರಿಕ, ಜಪಾನ್ ನಮ್ಮ ಮೇಲೂ ನಿರ್ಬಂಧ ಹಾಕಿದ್ದವು. ನಾವೇನು ಬಾಂಬು ವಾಪಸ್ ಕೊಟ್ಟೆವಾ? ಉತ್ತರ ಕೊರಿಯಾ 2006ರಿಂದ ವಿಶ್ವಸಂಸ್ಥೆಯ ನಿರ್ಬಂಧ ಹೊತ್ತುಕೊಂಡೇ ಕ್ಷಿಪಣಿ ಹಾರಿಸುತ್ತಿದೆ. ದುಡ್ಡಿನ ಒತ್ತಡದಿಂದ ಕ್ಷಿಪಣಿ ಕೆಳಗಿಳಿಯಲಿಕ್ಕಿಲ್ಲ. ಹೊಸದನ್ನು ಕಟ್ಟುವ ಕೈ ಮಾತ್ರ ನಿಧಾನವಾಗಬಹುದು.

ಅದಕ್ಕೇ ನಿಮ್ಮನ್ನು ಕೇಳುವುದು ಇಷ್ಟು. ಮುಂದಿನ ಅಧಿವೇಶನದಲ್ಲಿ ಘೋಷಣೆ ಕೂಗುವವರ ಜೊತೆ ಕೂಗಬೇಡಿ, ಪ್ರಶ್ನೆ ಹಾಕಿ. ಮೂರನೇ ದೇಶದ ಚೀಟಿ ಅಂಟಿಸಿಕೊಂಡು ಬಂದ ಮಾಲು ಇದುವರೆಗೆ ಎಷ್ಟು ಸಿಕ್ಕಿದೆ? ತಪಾಸಣೆ ಬಂದರಿನಲ್ಲೇ ಮುಗಿಯಬೇಕಲ್ಲ, ಅದಕ್ಕೆ ಏನು ಮಾಡಿದ್ದಾರೆ? ಕಾಲು ಕಿಲೋ ಮಾರುವವನ ಅಂಗಡಿಗೆ ಬಂದು ಚೀಲ ಚುಚ್ಚಿದರೆ ಯಾರಿಗೂ ಉಪಯೋಗವಿಲ್ಲ. ಐಎಂಎಫ್ ಮುಂದಿನ ಕಂತಿನ ಹೊತ್ತಿಗೆ ಸುಮ್ನೆ ಹೊರಗೆ ಉಳಿಯುವ ಬದಲು ಬೇರೆ ದೇಶಗಳನ್ನು ಜೊತೆಗೆ ತರಲು ಏನು ತಯಾರಿ ನಡೆದಿದೆ?

ಉತ್ತರ ಬಂದ ದಿನ ಅದರ ಪ್ರತಿ ಒಂದು ಕಳಿಸಿ. ಗಲ್ಲಾದ ಹಿಂದೆ, ಗಿರಾಕಿಗಳಿಗೆ ಕಾಣುವ ಹಾಗೆ ಅಂಟಿಸುತ್ತೇನೆ. ಆ ಚಹಾದ ಹುಡುಗ ದಿನಾ ಬರುತ್ತಾನೆ.

ಇಂತಿ,
ಬೀದರ್‌ನ ಒಬ್ಬ ಕಿರಾಣಿ ವ್ಯಾಪಾರಿ