ಸೋಮವಾರ ಹೊರಟು ಸೋಮವಾರವೇ ಮುಟ್ಟುವ ಮಗಳಿಗೆ

ಗದಗ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಟಿಕೆಟ್ ನೋಡಿದೆ. ಬೆಂಗಳೂರು ಬಿಡುವುದು ಸೋಮವಾರ ನಸುಕಿನ 3ಕ್ಕೆ, ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟುವುದು ಅದೇ ಸೋಮವಾರ ಮಧ್ಯಾಹ್ನ 2.30ಕ್ಕೆ. ನಿಮ್ಮ ಅವ್ವ ಫೋನ್ ಮಾಡಿ, ಹನ್ನೊಂದೂವರೆ ತಾಸಿನ ದಾರಿ ಅಷ್ಟೇ ಅಲ್ವಾ ಅಂದಳು. ಅಲ್ಲ. ಆಗಸ್ಟಿನಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹನ್ನೆರಡೂವರೆ ತಾಸು ಹಿಂದೆ ಇರುತ್ತದೆ. ಅದನ್ನೂ ಕೂಡಿಸಿದರೆ ಪೂರ್ತಿ 24 ತಾಸು. ಅವ್ವನಿಗೆ ಸಮಾಧಾನದಿಂದ ತಿಳಿಸಿ ಹೇಳು. ಇಲ್ಲದಿದ್ದರೆ ಮಧ್ಯಾಹ್ನದಿಂದಲೇ ನಿನ್ನ ಫೋನಿಗೆ ಕಾಯುತ್ತಾ ಕೂತಿರುತ್ತಾಳೆ.

ಶಾಲೆಯಲ್ಲಿ ಭೂಗೋಳ ಕಲಿಸುವಾಗ ಇಟ್ಟುಕೊಂಡಿದ್ದ ಹಳೇ ಗ್ಲೋಬ್ ನಿನ್ನೆ ಅಟ್ಟದಿಂದ ಇಳಿಸಿದೆ. ಹೂ ಕಟ್ಟುವ ದಾರ ತಂದು ಬೆಂಗಳೂರಿನ ಮೇಲೆ ಒಂದು ತುದಿ ಒತ್ತಿ ಹಿಡಿದೆ. ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಬಿಗಿಯಾಗಿ ಎಳೆದೆ. ದಾರ ಪೆಸಿಫಿಕ್ ಸಾಗರದ ಮೇಲೆ ಅಡ್ಡ ಹೋಗಲಿಲ್ಲ. ಚೀನಾ, ಸೈಬೀರಿಯಾ ದಾಟಿ ಮೇಲಕ್ಕೇರಿ, ಅಲಾಸ್ಕಾದ ಕಡೆಯಿಂದ ಇಳಿಯಿತು! ಗೋಡೆಯ ನಕಾಶೆಯಲ್ಲಿ ಇದು ಕಾಣುವುದೇ ಇಲ್ಲ. ಆ ದಾರದ ಉದ್ದ ಸುಮಾರು 14,000 ಕಿ.ಮೀ. ಭೂಮಿಯ ಸುತ್ತಳತೆಯೇ 40,000, ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ. ತಾಸಿಗೆ 900 ಕಿ.ಮೀ. ಓಡುವ ವಿಮಾನಕ್ಕೂ ನಿಲ್ಲದೆ ಹೋದರೆ ಹದಿನಾರು ಹದಿನೇಳು ತಾಸು ಬೇಕು. ನಿನ್ನದು ಫ್ರಾಂಕ್‌ಫರ್ಟ್ ಮೇಲೆ ಹೋಗುವ ಟಿಕೆಟ್. ಅಲ್ಲಿಯವರೆಗೆ ಸುಮಾರು 7,400, ಅಲ್ಲಿಂದ ಮುಂದೆ 9,150 ಕಿ.ಮೀ. ಸುತ್ತು ಬಳಸಿನ ದಾರಿಯೇ ಸರಿ, ಆದರೆ ನಡುವೆ ಕಾಲು ಚಾಚಿ ಓಡಾಡಲು ಸಿಗುತ್ತದೆ.

ಈಗ ನನ್ನ ಮನಸ್ಸಿಗೆ ಹತ್ತಿದ ಮಾತು. ಭಾನುವಾರ ಸಂಜೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನ ಹಿಡಿಯುತ್ತೇನೆ ಅಂದಿದ್ದೀಯ, ಅದೂ ಬೇರೆ ಟಿಕೆಟ್. ಬೇಡ ಪುಟ್ಟಿ. ನಿನ್ನ ಅಣ್ಣನನ್ನು ನೋಡಲು ಹೊರಟಾಗ ನಾನೂ ಹೀಗೇ ಮಾಡಿದ್ದೆ. ಜೋರು ಮಳೆ, ಹುಬ್ಬಳ್ಳಿಯ ವಿಮಾನ ನಾಲ್ಕು ತಾಸು ತಡ. ಬೆಂಗಳೂರಿಗೆ ಮುಟ್ಟುವಷ್ಟರಲ್ಲಿ ಮುಂದಿನ ವಿಮಾನದ ಕೌಂಟರ್ ಮುಚ್ಚಿತ್ತು. ಎರಡೂ ಒಂದೇ ಟಿಕೆಟಿನಲ್ಲಿದ್ದರೆ ಮುಂದಿನ ವಿಮಾನಕ್ಕೆ ಅವರೇ ಹತ್ತಿಸುತ್ತಿದ್ದರು. ಬೇರೆ ಬೇರೆ ಇದ್ದುದರಿಂದ ಯಾರೂ ಹೊಣೆ ಹೊರಲಿಲ್ಲ. ನಿಮ್ಮ ದೊಡ್ಡವ್ವ ರೊಟ್ಟಿಯ ಗಂಟು ಮಡಿಲಲ್ಲಿ ಇಟ್ಟುಕೊಂಡು ಬೆಳಗಿನವರೆಗೆ ಕುರ್ಚಿಯಲ್ಲೇ ಕೂತಿದ್ದಳು. ಆ ಮುಖ ಇನ್ನೂ ಕಣ್ಣ ಮುಂದೆ ಇದೆ.

ಅದಕ್ಕೇ ಶನಿವಾರವೇ ರೈಲು ಹತ್ತು. ಭಾನುವಾರ ಇಡೀ ದಿನ ಅತ್ತೆಯ ಮನೆಯಲ್ಲಿ ಮಲಗಿ ಎದ್ದು, ರಾತ್ರಿ 9ಕ್ಕೆಲ್ಲ ಅಲ್ಲಿಂದ ಹೊರಡು. ವಿಮಾನಕ್ಕೆ ಮೂರು ತಾಸು ಮೊದಲು ಕೌಂಟರಿನ ಮುಂದೆ ಇರಬೇಕು. ಪೇಟೆಯಿಂದ ಆ ವಿಮಾನ ನಿಲ್ದಾಣ ಎಷ್ಟು ದೂರ ಅಂತ ನಿನಗೆ ಗೊತ್ತೇ ಇದೆ.

ಶೇಂಗಾ ಚಟ್ನಿಪುಡಿ ದೊಡ್ಡ ಪೆಟ್ಟಿಗೆಯಲ್ಲೇ ಇಡು. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ ಕೈಚೀಲದಲ್ಲಿ ಪುಡಿ ಜಾಸ್ತಿ ಇದ್ದರೆ ತೆಗೆಸಿ ನೋಡುತ್ತಾರೆ. ಇಳಿದ ಮೇಲೆ ತಿನ್ನುವ ಪದಾರ್ಥ ಇದೆಯಾ ಅಂತ ಕೇಳಿದರೆ, ಇದೆ ಅಂತಲೇ ಹೇಳು. ವಿಮಾನದೊಳಗೆ ಗಾಳಿ ಬಹಳ ಒಣ, ನೀರು ಕುಡಿಯುತ್ತಿರು. ಸುಮ್ನೆ ಕೂತೇ ಇರಬೇಡ, ಎರಡು ತಾಸಿಗೊಮ್ಮೆ ಎದ್ದು ನಡೆ.

ನೀನು ಇಳಿದಾಗ ಇಲ್ಲಿ ಮಂಗಳವಾರ ನಸುಕಿನ 3 ಗಂಟೆ. ಮಲಗಿರುತ್ತಾರೆ ಅಂತ ಸುಮ್ಮನಿರಬೇಡ, ಫೋನ್ ಮಾಡು. ನಾನು ಎದ್ದೇ ಇರುತ್ತೇನೆ.

ನಿನ್ನ ದೊಡ್ಡಪ್ಪ