ವೈಸ್‌ಗೆ, ಅದನ್ನು ಮತ್ತೆ ಎಬ್ಬಿಸಿದವರಿಗೆ

2024ರ ಆಗಸ್ಟ್ 8ರಂದು ನಾಸಾದ ಅತಿಗೆಂಪು ಬಾಹ್ಯಾಕಾಶ ದೂರದರ್ಶಕ ವೈಸ್‌ನ ಟ್ರಾನ್ಸ್‌ಮಿಟರ್ ಆರಿಸಿದರು. ನವೆಂಬರ್ ಮೊದಲ ವಾರದಷ್ಟರಲ್ಲಿ ಅದು ವಾತಾವರಣಕ್ಕೆ ಬಿದ್ದು ಉರಿದೇಹೋಯಿತು. ಇಡೀ ಆಕಾಶವನ್ನು 3.4, 4.6, 12, 22 ಮೈಕ್ರಾನ್ ತರಂಗಾಂತರಗಳಲ್ಲಿ ಅದು ಅಳೆದುಕೊಟ್ಟಿತು. ಅದರ ದತ್ತಾಂಶವನ್ನೇ ನಂಬಿ ಕೆಲಸ ಮಾಡುವವರ ಕಡೆಯಿಂದ ಈ ಧನ್ಯವಾದ.

ದೊಡ್ಡ ಪಾಲು 2013ರಲ್ಲಿ ಅದನ್ನು ಎಬ್ಬಿಸಿದ ತಂಡಕ್ಕೆ. 2010ರ ಸೆಪ್ಟೆಂಬರ್ ಕೊನೆಗೆ ಅದನ್ನು ತಣ್ಣಗಿಡುತ್ತಿದ್ದ ಘನ ಹೈಡ್ರೋಜನ್ ಪೂರ್ತಿ ಖಾಲಿಯಾಗಿತ್ತು. 12, 22 ಮೈಕ್ರಾನ್‌ನ ಸಂವೇದಕಗಳು ಕುರುಡಾದವು: ದೂರದರ್ಶಕವೇ ತನ್ನ ಶಾಖದಿಂದ ಆ ತರಂಗಗಳಲ್ಲಿ ಹೊಳೆಯುವಾಗ ನಕ್ಷತ್ರ ನೋಡುವುದೆಂದರೆ ಬಿಸಿ ಹೆಂಚಿನ ಮೇಲೆ ಕೂತು ಬೆಂಕಿ ಹುಡುಕಿದಂತೆ. 2011ರ ಫೆಬ್ರವರಿಯಲ್ಲಿ ನಿದ್ರೆಗೆ ಕಳಿಸಿದರು. ಎರಡೂವರೆ ವರ್ಷದಲ್ಲಿ ಅದರ ಬಾಯಿ ಆಗಾಗ ಭೂಮಿಯತ್ತ ತಿರುಗಿ, ಒಳಗೆ ಸುಮಾರು 200 ಕೆಲ್ವಿನ್‌ವರೆಗೆ ಬಿಸಿಯಾಯಿತು. ಶೀತಕ ಇಲ್ಲ, ಎಂಜಿನ್ನೂ ಇಲ್ಲ. ಬಾಯಿಯನ್ನು ಸದಾ ಭೂಮಿಗೆ ವಿರುದ್ಧ ದಿಕ್ಕಿಗೆ ಹಿಡಿದು, ಶಾಖವನ್ನು ಬಾಹ್ಯಾಕಾಶಕ್ಕೆ ಸೋರಲು ಬಿಟ್ಟರು. ವಾರಗಟ್ಟಲೆ ಕಾದ ಮೇಲೆ ಸುಮಾರು 75 ಕೆಲ್ವಿನ್‌ಗೆ ಇಳಿಯಿತು. ಅಷ್ಟಾದರೆ ಸಾಕು, ಕಿರು ತರಂಗದ (3.4, 4.6 ಮೈಕ್ರಾನ್) ಎರಡು ಸಂವೇದಕಗಳು ನಡೆಯುತ್ತವೆ. ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ, ಆರು ತಿಂಗಳಿಗೊಮ್ಮೆ ಇಡೀ ಆಕಾಶ!

ಯಾರೂ ಕೇಳದ ಉಪಗ್ರಹವನ್ನು ಬಿಟ್ಟುಬಿಡುವುದು ಸುಲಭವಿತ್ತು. ಬಿಟ್ಟಿದ್ದರೆ, ನಿಯೋವೈಸ್ ಎಂಬ ಹೆಸರಿನಲ್ಲಿ ಮರಳಿದ ಇದೇ ದೂರದರ್ಶಕ 2020ರಲ್ಲಿ ಕಂಡುಹಿಡಿದ ನಿಯೋವೈಸ್ ಧೂಮಕೇತು ನಮಗೆ ಬೇರೆ ಹೆಸರಿನಲ್ಲಿ ಸಿಗುತ್ತಿತ್ತೋ ಏನೋ. 2020ರ ಜುಲೈನಲ್ಲಿ ಮಳೆಗಾಲದ ಮೋಡ ನಮ್ಮ ಕಡೆ ಬಹಳ ಜನಕ್ಕೆ ಅದನ್ನು ಕಾಣಲು ಬಿಡಲಿಲ್ಲ, ಆ ಹೊಟ್ಟೆಯುರಿ ಇನ್ನೂ ಹೋಗಿಲ್ಲ. ಕೊನೆಕೊನೆಗೆ ಸೌರಚಟುವಟಿಕೆ ಹೆಚ್ಚಿ, ವಾತಾವರಣ ಉಬ್ಬಿ, ಉಪಗ್ರಹದ ಕಕ್ಷೆ ಕುಸಿಯುವುದನ್ನು ನೋಡುತ್ತ ಕೂರುವುದು ಕಷ್ಟವಾಗಿತ್ತು.

ವೈಸ್‌ನ ಮುಖ್ಯ ವಿಜ್ಞಾನಿ ನೆಡ್ ರೈಟ್, ನಿಯೋವೈಸ್‌ನ ಮುಖ್ಯ ವಿಜ್ಞಾನಿ ಏಮಿ ಮೈನ್‌ಜರ್ ತಂಡಗಳಿಗೆ, ಉಪಗ್ರಹ ತಿರುಗುವಾಗ ಹಿಮ್ಮುಖವಾಗಿ ತಿರುಗಿ 11 ಸೆಕೆಂಡಿಗೊಂದು ಚಿತ್ರದಲ್ಲಿ ನಕ್ಷತ್ರಗಳನ್ನು ನಿಲ್ಲಿಸಿದ ಆ ಪುಟ್ಟ ಕನ್ನಡಿ ಮಾಡಿದವರಿಗೆ, ಎಲ್ಲರಿಗೂ ವಂದನೆ.

ಕೊನೆಯದಾಗಿ, ವೈಸ್ ಕಂಡ ಚುಕ್ಕೆಗಳನ್ನೆಲ್ಲ ಪಟ್ಟಿ ಮಾಡಿದ ಕ್ಯಾಲ್ಟೆಕ್‌ನ ದತ್ತಾಂಶ ಕೇಂದ್ರ ಐಪ್ಯಾಕ್‌ನವರಿಗೆ. ಪ್ರಖರ ನಕ್ಷತ್ರದ ಪಕ್ಕದ ಕೆಂಪು ಚುಕ್ಕೆಯನ್ನು ಕಂದು ಕುಬ್ಜ (ನಕ್ಷತ್ರವಾಗಿ ಉರಿಯುವಷ್ಟು ದೊಡ್ಡದಾಗದ ಕಾಯ) ಎಂದು ಸಂಭ್ರಮಿಸುವ ಮುಂಚೆ ಅವರ ಪಟ್ಟಿಯಲ್ಲಿರುವ ‘ಸಿಸಿ ಫ್ಲ್ಯಾಗ್ಸ್’ ಕಾಲಮ್ ನೋಡಿ. ನಾಲ್ಕು ತರಂಗಾಂತರಗಳಲ್ಲಿ ಒಂದೊಂದಕ್ಕೂ ಒಂದು ಅಕ್ಷರ: ಡಿ ಎಂದರೆ ವಿವರ್ತನೆಯ ಮುಳ್ಳು (ಪ್ರಖರ ನಕ್ಷತ್ರದಿಂದ ಚಾಚುವ ಬೆಳಕಿನ ಗೆರೆ), ಪಿ ಎಂದರೆ ಹಿಂದಿನ ಚಿತ್ರದ ಉಳಿಕೆ, ಎಚ್ ಪ್ರಖರ ನಕ್ಷತ್ರದ ಸುತ್ತಲ ಪ್ರಭಾವಲಯ, ಓ ದೂರದರ್ಶಕದೊಳಗೆ ಬೆಳಕು ಪ್ರತಿಫಲಿಸಿ ಮೂಡುವ ಭೂತಬಿಂಬ. ದೊಡ್ಡಕ್ಷರವಾದರೆ ಆ ಚುಕ್ಕೆಯೇ ಸುಳ್ಳಿರಬಹುದು. ಚಿಕ್ಕಕ್ಷರವಾದರೆ ಚುಕ್ಕೆ ನಿಜ, ಅಳತೆ ಮಾತ್ರ ಕೆಟ್ಟಿರಬಹುದು. ಎರಡನ್ನೂ ಒಂದೇ ಏಟಿಗೆ ಎಸೆಯಬೇಡಿ.