ಬಿಲ್ಡ್ ಟೂಲ್‌ಗೆ ಸ್ವಂತ ಕಮಾಂಡ್ ಸೇರಿಸುವುದನ್ನೂ ಕಲಿಸಲಿ

ಮಾನ್ಯ ಸಂಪಾದಕರೇ,

ಅಡಿಕೆ ತೋಟದ ಮಣ್ಣಿನ ತೇವ ಅಳೆಯುವ ಸಾಧನವನ್ನು ಪ್ರಾಜೆಕ್ಟ್‌ಗೆ ಆರಿಸಿಕೊಂಡು ನನ್ನ ಬಳಿ ಬರುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಚಿಪ್ ಬಳಸುತ್ತಾರೆ. ಅದರ ಪ್ರೋಗ್ರಾಂ ಸಿದ್ಧಪಡಿಸುವ 'ಐಡಿಎಫ್ ಡಾಟ್ ಪೈ' ಎಂಬ ಪೈಥಾನ್ ಟೂಲ್‌ನಲ್ಲಿ ಬಿಲ್ಡ್ (ಕೋಡನ್ನು ಚಿಪ್ ಓದುವ ರೂಪಕ್ಕೆ ತರುವುದು), ಫ್ಲ್ಯಾಶ್ (ಅದನ್ನು ಚಿಪ್‌ಗೆ ತುಂಬುವುದು), ಮಾನಿಟರ್ (ಚಿಪ್ ಕಳಿಸುವ ಸಂದೇಶ ನೋಡುವುದು) ಎಂಬ ಕಮಾಂಡ್‌ಗಳು ಎಲ್ಲರಿಗೂ ಗೊತ್ತು. ತಮ್ಮದೇ ಕಮಾಂಡನ್ನು ಸೇರಿಸಬಹುದೆಂಬುದು ಮಾತ್ರ ಬಹುತೇಕ ಯಾರಿಗೂ ಗೊತ್ತಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ತಂಡ ತೀರ್ಥಹಳ್ಳಿ ಕಡೆಯ ತೋಟವೊಂದಕ್ಕೆ ಹೋಗಿತ್ತು. ಹಿಂದಿನ ಸಂಜೆ ಕೋಡ್ ತಿದ್ದಿದವರು ಮತ್ತೆ ಬಿಲ್ಡ್ ಮಾಡದೆ, ಹಿಂದಿನ ಬಿಲ್ಡ್‌ನಿಂದ ಬಂದಿದ್ದ ಹಳೆಯ ಬಿನ್ ಫೈಲನ್ನೇ (ಚಿಪ್‌ಗೆ ತುಂಬುವ ಫೈಲ್) ಪೆನ್‌ಡ್ರೈವ್‌ಗೆ ಹಾಕಿಕೊಂಡಿದ್ದರು. ಮನೆಯ ಜಗಲಿಯಲ್ಲಿ ಬಕೆಟ್ ನೀರಿಗೆ ಸೆನ್ಸರ್ ಅದ್ದಿದರೂ ಪರದೆಯ ಮೇಲೆ 'ಒಣ' ಎಂದೇ ಬರುತ್ತಿತ್ತು. ಮಾಡಬೇಕಾದ ಕ್ರಮವೆಲ್ಲ ಲ್ಯಾಬಿನ ಗೋಡೆಯ ಚೀಟಿಯಲ್ಲಿ ಬರೆದೇ ಇತ್ತು. ಹೊರಡುವ ಅವಸರದಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ, ಏಕೆಂದರೆ ಆ ಚೀಟಿ ಅಂಟಿಸಿದವನು ನಾನೇ.

ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ 'ಐಡಿಎಫ್ ಅಂಡರ್‌ಸ್ಕೋರ್ ಈಎಕ್ಸ್‌ಟಿ ಡಾಟ್ ಪೈ' ಎಂಬ ಫೈಲ್ ಇಟ್ಟು, ಅದರೊಳಗೆ 'ಆಕ್ಷನ್ ಅಂಡರ್‌ಸ್ಕೋರ್ ಎಕ್ಸ್‌ಟೆನ್ಶನ್ಸ್' ಎಂಬ ಫಂಕ್ಷನ್ ಬರೆದರೆ, ಅದು ಹಿಂದಿರುಗಿಸುವ ಡಿಕ್ಷನರಿಯಲ್ಲಿ (ಹೆಸರು-ವಿವರಗಳ ಜೋಡಿಪಟ್ಟಿ) ಹೆಸರಿಸಿದ ಕಮಾಂಡ್‌ಗಳನ್ನು ಟೂಲ್ ತನ್ನವೇ ಎಂಬಂತೆ ಸ್ವೀಕರಿಸುತ್ತದೆ. ನಾವು 'ಹಂಚು' ಎಂಬ ಕಮಾಂಡ್ ಸೇರಿಸಿದೆವು. ಅದಕ್ಕೂ ಮೊದಲು ನಡೆಯಬೇಕಾದ ಕಮಾಂಡ್‌ಗಳ 'ಡಿಪೆಂಡೆನ್ಸೀಸ್' ಪಟ್ಟಿಯಲ್ಲಿ 'ಆಲ್' (ಬಿಲ್ಡ್‌ನ ಇನ್ನೊಂದು ಹೆಸರು) ಎಂದು ಬರೆದಿರುವುದರಿಂದ ಮೊದಲು ಬಿಲ್ಡ್ ನಡೆಯುತ್ತದೆ, ಅದು ಸರಿಯಾಗಿ ಮುಗಿದ ಮೇಲಷ್ಟೇ ನಮ್ಮ ಫಂಕ್ಷನ್ ಬಿನ್ ಫೈಲನ್ನು ದಿನಾಂಕ ಸೇರಿಸಿ ನಕಲು ಮಾಡುತ್ತದೆ. ಬಿಲ್ಡ್ ಮರೆತು ಫೈಲ್ ಒಯ್ಯುವ ದಾರಿಯೇ ಮುಚ್ಚಿತು. 'ಹೆಲ್ಪ್' ಕೇಳಿದರೆ ಕಾಣುವ ವಿವರಣೆಯನ್ನು ಕನ್ನಡದಲ್ಲೇ ಬರೆದಿದ್ದೇವೆ, ಪೈಥಾನ್ 3 ಅದಕ್ಕೆ ತಕರಾರು ಮಾಡುವುದಿಲ್ಲ.

ಕೆಲವರು ಟೂಲ್‌ನ ಮೂಲ ಫೈಲನ್ನೇ ತಿದ್ದುತ್ತಾರೆ. ಹೊಸ ಆವೃತ್ತಿ ಹಾಕಿಕೊಂಡ ದಿನ ಆ ತಿದ್ದುಪಡಿ ಅಳಿಸಿಹೋಗುತ್ತದೆ, ಗೆಳೆಯರ ಕಂಪ್ಯೂಟರ್‌ಗೆ ಅದು ತಲುಪುವುದೂ ಇಲ್ಲ. ಪ್ರಾಜೆಕ್ಟ್‌ನೊಳಗಿನ ಫೈಲ್, ಕೋಡ್ ಹಂಚಿಕೊಳ್ಳುವ ಗಿಟ್ ವ್ಯವಸ್ಥೆಯ ಮೂಲಕ ಎಲ್ಲರಿಗೂ ಸಿಗುತ್ತದೆ.

ಜಿಲ್ಲೆಯ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳು ಪೈಥಾನ್ ಲ್ಯಾಬಿನಲ್ಲಿ ಲೂಪ್ ಮತ್ತು ಲಿಸ್ಟ್ ಕಲಿಸಿದ ಮೇಲೆ, ಒಂದು ಮಧ್ಯಾಹ್ನವನ್ನಾದರೂ ಇದಕ್ಕೆ ಮೀಸಲಿಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಓರ್ವ ಉಪನ್ಯಾಸಕ, ಶಿವಮೊಗ್ಗ